ಐದು ಕೀಲಿ, ಏಳು ಸಂಕೇತ

ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಕನ್ನಡ’ ಎಂದು ಮೂಡಿಸಲು ಐದು ಕೀಲಿ ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೊಂಡಿ. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಇದೇ ಐದನ್ನು ಒತ್ತಿದರೆ ಫೈಲಿನೊಳಗೆ ಏಳು ಸಂಕೇತಗಳು ಹೋಗಿ ಕೂರುತ್ತಿದ್ದವು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಗೀಟಿನ ಎ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಇದು ದುಂಡಗಿನ ‘ಕನ್ನಡ’. ಇಲ್ಲದ ಕಡೆ, ಬೇರೆ ಬೇರೆ ದೇಶದ ಅಕ್ಷರಗಳು ಬಸ್ ತಪ್ಪಿಸಿಕೊಂಡು ನಿಂತಂತೆ.

ಇಪ್ಪತ್ತು ವರ್ಷದ ಹಿಂದೆ ಬರೆದಿಟ್ಟ ನನ್ನದೇ ಲೇಖನವೊಂದನ್ನು ಈಚೆಗೆ ಮೊಬೈಲಿನಲ್ಲಿ ತೆರೆದಾಗ ಕಂಡದ್ದು ಈ ಎರಡನೆಯ ದೃಶ್ಯ. ತಮಾಷೆಯೆಂದರೆ, ಅದನ್ನು ಬರೆದ ತಂತ್ರಾಂಶ ನಮ್ಮ ಬೀದಿಯ ಡಿಟಿಪಿ ಅಂಗಡಿಯ ಹೊಸ ವಿಂಡೋಸ್‌ನಲ್ಲಿ ಇವತ್ತಿಗೂ ಆರಾಮಾಗಿ ಓಡುತ್ತದೆ. ತಂತ್ರಾಂಶ ಉಳಿದಿದೆ, ಬರಹ ಉಳಿದಿಲ್ಲ. ಹೊಸ ಯಂತ್ರಕ್ಕೆ ಹಳೆಯದು ಹೊಂದುತ್ತದೆಯೇ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ನೋಡುವುದು ಮೊದಲನೆಯದನ್ನಷ್ಟೇ.

ಮೊದಲನೆಯದರಲ್ಲಿ ಮೈಕ್ರೋಸಾಫ್ಟ್‌ನ ನಿಷ್ಠೆ ದೊಡ್ಡದು. ‘ಸಿಮ್‌ಸಿಟಿ’ ಎಂಬ ಆಟ ತಾನು ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದುವ ತಪ್ಪು ಮಾಡುತ್ತಿತ್ತು. ಹಳೆಯ ವಿಂಡೋಸ್‌ನಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ವಿಂಡೋಸ್ 95ರಲ್ಲಿ ನಡೆಯದು ಎಂದಾದಾಗ, ಆ ಆಟವನ್ನು ಗುರುತು ಹಿಡಿದು ಅದಕ್ಕೆ ಮಾತ್ರ ಮೆಮೊರಿಯನ್ನು ಬೇರೆ ರೀತಿ ಹಂಚುವ ಏರ್ಪಾಟನ್ನು ಕಾರ್ಯಾಚರಣೆ ವ್ಯವಸ್ಥೆಯೊಳಗೇ ಸೇರಿಸಿದರು. ಪಕ್ಕದ ಮನೆಯವರ ತಪ್ಪಿಗೆ ನಮ್ಮ ಗೋಡೆ ಒಡೆದು ದಾರಿ ಬಿಟ್ಟಂತೆ! ಮುಂದೆ 64 ಬಿಟ್ ಬಂದಾಗಲೂ 32 ಬಿಟ್‌ನ ಹಳಬರಿಗೆ ಜಾಗ ಇಟ್ಟರು. 16 ಬಿಟ್‌ನವರಿಗೆ ಮಾತ್ರ ಬಾಗಿಲು ಮುಚ್ಚಿತು. ಆಪಲ್‌ಗೆ ಇಷ್ಟು ದಾಕ್ಷಿಣ್ಯವಿಲ್ಲ. ಪ್ರೊಸೆಸರ್ ಬದಲಿಸಿದಾಗ ಹಳೆಯ ತಂತ್ರಾಂಶಕ್ಕೆ ‘ರೊಸೆಟ್ಟಾ’ ಎಂಬ ದುಭಾಷಿಯನ್ನು ಕೊಡುತ್ತದೆ, ಕೆಲವು ವರ್ಷ ಬಿಟ್ಟು ದುಭಾಷಿಯನ್ನೇ ಹಿಂತೆಗೆಯುತ್ತದೆ. ಮೊದಲ ರೊಸೆಟ್ಟಾ 2011ರಲ್ಲಿ ಹೋಯಿತು, 32 ಬಿಟ್ ತಂತ್ರಾಂಶಗಳು 2019ರಲ್ಲಿ.

ನುಡಿಗೆ ಸಿಕ್ಕಿದ್ದು ವಿಂಡೋಸ್‌ನ ಆಸರೆ. ಅದು ವರವೇ? ನನಗೆ ಈಗೀಗ ಅನುಮಾನ.

ನುಡಿಯನ್ನೂ ಅದಕ್ಕಿಂತ ಮೊದಲು, 1998ರಲ್ಲಿ, ಬಂದ ‘ಬರಹ’ ತಂತ್ರಾಂಶವನ್ನೂ ಅವುಗಳ ಕಾಲದಲ್ಲಿಟ್ಟು ನೋಡಬೇಕು. ಆಗಿನ ವಿಂಡೋಸ್‌ಗೆ ಕನ್ನಡ ಗೊತ್ತಿರಲಿಲ್ಲ. ಒಂದು ಫಾಂಟ್‌ನಲ್ಲಿ ಹೆಚ್ಚೆಂದರೆ 256 ಮನೆ, ಅದರಲ್ಲೂ ಎಷ್ಟೋ ಬಳಸುವಂತಿರಲಿಲ್ಲ. ಅಷ್ಟರೊಳಗೆ ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಹೊಂದಿಸಲು ಅಕ್ಷರಗಳನ್ನು ತುಂಡು ಮಾಡಿದರು, ಬೆರಳಚ್ಚು ಯಂತ್ರದವರು ಮಾಡಿದ ಹಾಗೆ. ‘ಮ’ ಎಂದರೆ ‘ವ’ಕ್ಕೆ ಹಚ್ಚಿದ ಒಂದು ಬಾಲ. ‘ಧ’ ಎಂದರೆ ‘ದ’ದ ಜೊತೆ ಮಹಾಪ್ರಾಣದ ಸೀಳು. ‘ಯ’ ಶುರುವಾಗುವುದೇ ಸೊನ್ನೆಯಿಂದ, ಏಕೆಂದರೆ ಬರೆಯುವಾಗ ಮೊದಲಿಗೆ ಕಾಣುವುದು ಒಂದು ಸೊನ್ನೆ. ಕಸುಬುದಾರಿಕೆಯ ಕಣ್ಣಿನಿಂದ ನೋಡಿದರೆ ಇದು ಅಚ್ಚುಕಟ್ಟಾದ ಕೆಲಸ. ಕನ್ನಡ ಗಣಕ ಪರಿಷತ್ತು ನುಡಿಯನ್ನು ಉಚಿತವಾಗಿ ಹಂಚಿದ್ದರಿಂದ ತಾಲ್ಲೂಕು ಕಚೇರಿಯ ಮೇಜಿನವರೆಗೂ ಕನ್ನಡ ಹೋಯಿತು.

ಆದರೆ ಇಲ್ಲಿ ಕೂಡಿಟ್ಟದ್ದು ಕಣ್ಣಿಗೆ ಕಾಣುವ ಆಕಾರಗಳನ್ನು. ಭಾಷೆಯ ಲೆಕ್ಕ ಅದಕ್ಕೆ ಗೊತ್ತಿಲ್ಲ. ಇಂಥ ಫೈಲಿನಲ್ಲಿ ‘ವ’ ಹುಡುಕಿದರೆ ‘ಮ’ವೂ ಎದ್ದು ಬರುತ್ತದೆ, ಅನುಸ್ವಾರ ಹುಡುಕಿದರೆ ‘ಯ’ಗಳೆಲ್ಲ ಹಾಜರು. ಅಕಾರಾದಿ ಜೋಡಣೆಯ ಮಾತೇ ಬೇಡ. ‘ಧರ್ಮ’ ಎನ್ನುವಾಗ ನಾಲಿಗೆಗೆ ರಕಾರ ಮೊದಲು, ಮಕಾರ ಆಮೇಲೆ. ರಾವ್ ಅವರ ವಿನ್ಯಾಸದಲ್ಲಿ ಬೆರಳೂ ಹಾಗೇ ನಡೆಯುತ್ತದೆ. ಫೈಲಿನಲ್ಲಿ ಮಾತ್ರ ಅರ್ಕಾವೊತ್ತು ಕೊನೆಗೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯುನಿಕೋಡ್ ಅನುಸರಿಸುವುದು ನಾಲಿಗೆಯ ಕ್ರಮವನ್ನು: ಅಲ್ಲಿ ‘ಕನ್ನಡ’ಕ್ಕೆ ಐದೇ ಸಂಕೇತ, ಒತ್ತಿದ ಕೀಲಿಗಳ ಸಾಲಿನಲ್ಲೇ. ಬೆರಳಿಗೆ ಮೊದಲೇ ಗೊತ್ತಿದ್ದ ವ್ಯಾಕರಣವನ್ನು ಫಾಂಟ್ ಏಳಾಗಿ ಒಡೆದಿತ್ತು. ಆ ಕೀಲಿಮಣೆ ಇಂದು ಲಿನಕ್ಸ್‌ನಲ್ಲೂ ಮೊಬೈಲಿನಲ್ಲೂ ನಡೆಯುತ್ತದೆ, ನಮ್ಮ ಹಳೆಯ ಫೈಲುಗಳು ಆ ಫಾಂಟ್ ಇಲ್ಲದ ಕಡೆ ನಡೆಯುವುದಿಲ್ಲ.

ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಓಣಿ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟ್‌ನೊಂದಿಗೆ ಬಂತು; ಸಿ.ಡಿ. ಹಾಕಿ ಭಾರತೀಯ ಭಾಷೆಗಳ ಬೆಂಬಲವನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕಿತ್ತು, ಅಷ್ಟೇ. ಮುಂದೆ ನುಡಿಗೂ ಬರಹಕ್ಕೂ ಯುನಿಕೋಡ್ ಬಂತು. ಆದರೂ ನಾವು ಕದಲಲಿಲ್ಲ. ಹಳೆಯದು ಓಡುತ್ತಲೇ ಇತ್ತಲ್ಲ! ಆಪಲ್‌ನ ಹಾಗೆ ವಿಂಡೋಸ್ ಕೂಡ ಯಾವಾಗಲೋ ಕೈಬಿಟ್ಟಿದ್ದರೆ ಬೈದುಕೊಂಡಾದರೂ ಹತ್ತು ವರ್ಷ ಮೊದಲೇ ದಾಟಿರುತ್ತಿದ್ದೆವು ಎಂದು ನನಗನ್ನಿಸುತ್ತದೆ.

ಡಿಟಿಪಿಯವರನ್ನು ಇದಕ್ಕೆ ದೂರುವುದು ಅನ್ಯಾಯ. ಅವರ ಅನ್ನ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನಲ್ಲಿತ್ತು. ಅದರ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರಗಳು ನೇರವಾಗಿ ಸರಿಯಾಗಿ ಕೂರಲು 2012ರ ಸಿಎಸ್6 ಬರಬೇಕಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಕೈ ಪಳಗಿಹೋಗಿತ್ತು. “ಯುನಿಕೋಡ್ ಕಳಿಸ್ಬೇಡಿ ಸಾರ್, ನುಡೀಲೇ ಕಳಿಸಿ” ಎಂಬ ಮಾತು ಕೇಳದ ಕನ್ನಡ ಲೇಖಕರು ಕಡಿಮೆ.

ಯುನಿಕೋಡ್ ಕೂಡ ನಿಷ್ಕಳಂಕವೇನಲ್ಲ. ‘ರ್‍ಯಾಂಕ್’ ಎಂದು ಬರೆಯಲು ಕಣ್ಣಿಗೆ ಕಾಣದ ಜೋಡಕವೊಂದು ಬೇಕು. ಯಾವುದೋ ತಂತ್ರಾಂಶ ದಾರಿಯಲ್ಲಿ ಅದನ್ನು ಕಸವೆಂದು ಗುಡಿಸಿದರೆ ಆ ಕಡೆ ತಲುಪುವುದು ‘ರ್ಯಾಂಕ್’. ಆದರೆ ಇದು ಪದವೊಂದರ ಕಾಲುಳುಕು. ನುಡಿಯದು ಇಡೀ ಪುಟದ ಮೂರ್ಛೆ.

ಈಗ ನಡೆಯುತ್ತಿರುವುದು ಸುತ್ತುದಾರಿ. ಲೇಖಕರು ಯುನಿಕೋಡ್‌ನಲ್ಲಿ ಬರೆಯುತ್ತಾರೆ. ಮುದ್ರಣಕ್ಕೆಂದು ಪರಿವರ್ತಕ ಅದನ್ನು ನುಡಿಗೆ ಇಳಿಸುತ್ತದೆ. ಅಚ್ಚಾದ ಮೇಲೆ ಜಾಲತಾಣಕ್ಕೆಂದು ಇನ್ನೊಂದು ಪರಿವರ್ತಕ ಮತ್ತೆ ಯುನಿಕೋಡ್‌ಗೆ ಏರಿಸುತ್ತದೆ. ನನ್ನ ಹಳೆಯ ಲೇಖನವನ್ನೂ ಕೊನೆಗೆ ಹೀಗೇ ಏರಿಸಿಕೊಂಡೆ. ಅರ್ಕಾವೊತ್ತುಗಳೆಲ್ಲ ಸರಿಯಾಗಿಯೇ ಬಂದವು. ಕೊನೆಯ ಪುಟದಲ್ಲಿ ಇಂಗ್ಲಿಷ್ ಪುಸ್ತಕವೊಂದರ ಹೆಸರನ್ನು ಇಂಗ್ಲಿಷಿನಲ್ಲೇ ಬರೆದಿದ್ದೆ. ಯಾವ ಪಿ ಇಂಗ್ಲಿಷಿನದು, ಯಾವ ಪಿ ‘ಕ’ದ ತುಂಡು ಎಂಬುದು ಫಾಂಟ್‌ನ ಹೆಸರಿಗಲ್ಲದೆ ಬೇರಾರಿಗೂ ಗೊತ್ತಿರಲಿಲ್ಲ. ಆ ಶೀರ್ಷಿಕೆ ಈಗ ತಲೆಕಟ್ಟಿಲ್ಲದ ಕನ್ನಡದ ಚೂರುಗಳಾಗಿ ನಿಂತಿದೆ. ಅದು ಯಾವ ಪುಸ್ತಕವೆಂದು ನನಗೂ ನೆನಪಿಲ್ಲ.