ಹಂಪಿಯ ಗುಂಡುಗಳಿಗೂ ಒಂದು ಮಿತಿ ಬೇಕು

ನವೆಂಬರಿನ ಚಳಿ ಕಾಲಿಟ್ಟರೆ ಸಾಕು, ತುಂಗಭದ್ರೆಯ ಉತ್ತರ ದಂಡೆಯಲ್ಲಿ ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡವರ ಓಡಾಟ ಶುರುವಾಗುತ್ತದೆ. ಸಾಣಾಪುರದ ಕಡೆ ಭತ್ತದ ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದು ಕಲ್ಲುಗಳ ನಡುವೆ ಮರೆಯಾಗುವ ಇವರು ಬೌಲ್ಡರಿಂಗ್ ಮಂದಿ. ಹಗ್ಗವಿಲ್ಲ, ಮೊಳೆಯಿಲ್ಲ. ಎರಡಾಳು ಮೂರಾಳೆತ್ತರದ ಗುಂಡು, ಕಾಲಿಗೆ ಬಿಗಿಯಾದ ರಬ್ಬರ್ ಶೂ, ಬೆರಳಿಗೆ ಚಾಕ್ ಪುಡಿ, ಬಿದ್ದರೆ ಆತುಕೊಳ್ಳಲು ಕೆಳಗೊಂದು ಕ್ರ್ಯಾಶ್ ಪ್ಯಾಡ್. ಇಷ್ಟಿದ್ದರೆ ಆಟ ಶುರು. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಆಟ ಹಂಪಿಯಲ್ಲಿ ಉಳಿಯಬೇಕಾದರೆ ಅದಕ್ಕೊಂದು ಮಿತಿ ಬೇಕು. ಸರ್ಕಾರ ಬಾಗಿಲು ಹಾಕುವ ಮೊದಲು ಆ ಮಿತಿಯನ್ನು ಹತ್ತುವವರೇ ಹಾಕಿಕೊಳ್ಳಬೇಕು.

ಹಂಪಿಯ ಕಲ್ಲು ಸಾಮಾನ್ಯದ್ದಲ್ಲ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಈ ಗ್ರಾನೈಟ್‌ಗೆ ಇಟ್ಟಿದ್ದಾರೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆಯ ಪಟ್ಟಿ ರಾಮನಗರದಿಂದ ಹಂಪಿಯ ಸೀಮೆಯವರೆಗೂ ಚಾಚಿಕೊಂಡಿದೆ. ಹರಳು ದಪ್ಪ, ಮೈ ಒರಟು, ಹಿಡಿತಗಳು ಮಾತ್ರ ಉಗುರಿನಷ್ಟು ಕಿರಿದು. ಬಿಸಿಲಿಗೆ ಕಾದರೆ ಬೆರಳು ಬೆವರಿ ಜಾರುತ್ತದೆ, ತಣ್ಣಗಿದ್ದರೆ ಅಂಟಿಕೊಂಡಂತೆ ನಿಲ್ಲುತ್ತದೆ. ಹಾಗಾಗಿ ಜಗತ್ತಿನ ನಾನಾ ಕಡೆಯವರು ಚಳಿಗಾಲದ ಈ ಕೆಲವು ತಿಂಗಳಲ್ಲೇ, ಅದೂ ಬೆಳಗಿನ ಮತ್ತು ಸಂಜೆಯ ಕೆಲವೇ ತಾಸುಗಳಲ್ಲಿ ಇಲ್ಲಿಗೆ ಮುಗಿಬೀಳುತ್ತಾರೆ. ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿ ಹತ್ತಿದ್ದನ್ನು ತೋರಿಸಿದ ‘ಪಿಲ್‌ಗ್ರಿಮೇಜ್’ ಚಿತ್ರ 2003ರಲ್ಲಿ ಬಂದಮೇಲೆ ಹೊರದೇಶದವರಿಗೆ ಹಂಪಿಯ ದಾರಿ ಗೊತ್ತಾಯಿತು. ಈಗ ಬೆಂಗಳೂರಿನ ಕ್ಲೈಂಬಿಂಗ್ ಜಿಮ್‌ಗಳಲ್ಲಿ ಪಳಗಿದ ನಮ್ಮ ಹುಡುಗ ಹುಡುಗಿಯರೂ ವಾರಾಂತ್ಯಕ್ಕೆ ಬಸ್ಸು ಹತ್ತುತ್ತಾರೆ. ಇದು ಸಂತೋಷದ ಸಂಗತಿಯೇ.

ಕಣ್ಣು ಹಾಯಿಸಿದಷ್ಟು ದೂರ ಗುಂಡುಗಳೇ ಇರುವಲ್ಲಿ ಇಕ್ಕಟ್ಟು ಎಲ್ಲಿಂದ ಬಂತು ಎಂದು ಕೇಳಬಹುದು. ದಾರಿಗೆ ಹತ್ತಿರವಿರುವ, ಬುಡದಲ್ಲಿ ಸಮತಟ್ಟು ನೆಲವಿರುವ, ವಿಡಿಯೋದಲ್ಲಿ ಹೆಸರಾದ ಗುಂಡುಗಳು ಕೆಲವೇ. ಸಂತೆ ಸೇರುವುದೆಲ್ಲ ಅವುಗಳ ಕೆಳಗೆ. ಅಲ್ಲಿ ನೂರಾರು ಶೂಗಳು ಉಜ್ಜಿ ಕಾಲಿಡುವ ಜಾಗ ನುಣುಪಾಗುತ್ತದೆ. ತೆಳುವಾದ ಚಕ್ಕೆಯ ಹಿಡಿತ ಒಂದು ದಿನ ಕೈಯಲ್ಲೇ ಕಿತ್ತುಬರುತ್ತದೆ. ಯಾರೋ ತಂತಿಯ ಬ್ರಷ್ ಹಾಕಿ ತಿಕ್ಕಿದರೆ ಕಲ್ಲಿನ ಗಟ್ಟಿ ಮೇಲ್ಪದರವೇ ಹೋಗುತ್ತದೆ. ಪ್ಯಾಡ್ ಹಾಸಲು ಮುಳ್ಳುಕಂಟಿ ಸವರುತ್ತಾರೆ, ತುಳಿದು ತುಳಿದು ಮಣ್ಣು ಗಟ್ಟಿಯಾಗಿ ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ಜಿಮ್ಮಿನಲ್ಲಿ ಸವೆದ ಹಿಡಿತವನ್ನು ಬಿಚ್ಚಿ ತೊಳೆದು ಹೊಸದನ್ನು ಹಾಕುತ್ತಾರೆ. ಇಲ್ಲಿ ಹಾಕುವವರು ಯಾರೂ ಇಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ನಮ್ಮ ಆಟದ ರುಚಿ ಇರುವುದೇ ಮುಂದಕ್ಕೆ ಚಾಚಿದ ಬಂಡೆಯ ಅಡಿಯಲ್ಲಿ. ಮಳೆನೀರು ತಾಕದ ಆ ಅಡಿಭಾಗದಲ್ಲಿ ಚಾಕ್ ಪುಡಿ ಸುಲಭಕ್ಕೆ ತೊಳೆದುಹೋಗುವುದಿಲ್ಲ. ಮಳೆ ತಾಕದ ಕಾರಣಕ್ಕೇ ಆದಿಮಾನವರ ಚಿತ್ರಗಳೂ ಅಂಥ ಮರೆಗಳಲ್ಲೇ ಉಳಿದಿವೆ. ಆನೆಗುಂದಿಯ ಒನಕೆ ಕಿಂಡಿಯಲ್ಲಿ, ಗಂಗಾವತಿಯ ಬಳಿಯ ಹಿರೇಬೆಣಕಲ್‌ನಲ್ಲಿ ಅವನ್ನು ಇವತ್ತಿಗೂ ನೋಡಬಹುದು. ನಮಗೆ ಬೇಕಾದ ಕಲ್ಲು ಮತ್ತು ಅವರು ಬರೆದ ಕಲ್ಲು ಹಲವು ಕಡೆ ಒಂದೇ ಬಗೆಯವು. ಮಾಸಿದ ಕೆಂಪು ಗೆರೆ ಹೊಸಬನ ಕಣ್ಣಿಗೆ ಬೀಳುವುದಿಲ್ಲ, ಬಿಳಿ ಕೈ ಮಾತ್ರ ಅದರ ಮೇಲೆ ಬೀಳುತ್ತದೆ.

ಇನ್ನು ಹಕ್ಕಿನ ಪ್ರಶ್ನೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಇಲ್ಲಿ ಒಂದು ಗುಂಡು ಪುರಾತತ್ವ ಇಲಾಖೆಯದಾದರೆ ಇನ್ನೊಂದು ಅರಣ್ಯದ್ದು, ಮತ್ತೊಂದು ಯಾರದೋ ಹೊಲದ್ದು, ಮಗದೊಂದರ ನೆತ್ತಿಯಲ್ಲಿ ಗುಡಿ. ಎಲ್ಲದರ ಮೇಲೆ ಈ ಪರಂಪರೆಯ ತಾಣವನ್ನು ನೋಡಿಕೊಳ್ಳುವ ಪ್ರಾಧಿಕಾರದ ಕಣ್ಣು. 2019ರಲ್ಲಿ ಸ್ಮಾರಕದ ಕಂಬ ಉರುಳಿಸಿದ ಯುವಕರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ ಕಂಬವನ್ನು ಎತ್ತಿ ನಿಲ್ಲಿಸಲು ಹೇಳಿತು. ಅದನ್ನು ಕಂಡ ಕಾವಲುಗಾರ, ಬಂಡೆಗೆ ಕೈ ಹಚ್ಚುವವರನ್ನೆಲ್ಲ ಅನುಮಾನದಿಂದ ನೋಡಿದರೆ ತಪ್ಪೇನು? ಮರುವರ್ಷ ಸುಪ್ರೀಂ ಕೋರ್ಟಿನ ಆದೇಶದಂತೆ ವಿರೂಪಾಪುರಗಡ್ಡೆಯ ಅಕ್ರಮ ರೆಸಾರ್ಟ್‌ಗಳು ನೆಲಸಮವಾದವು. ಹತ್ತುವವರು ತಂಗುತ್ತಿದ್ದ ಮುಖ್ಯ ಠಾವು ಅದೇ ಗಡ್ಡೆ. ಅದು ಹೋದಮೇಲೆ ಅವರು ಸಾಣಾಪುರ, ಆನೆಗುಂದಿಯ ಕಡೆ ಹಂಚಿಹೋದರು. ಬಂಡೆ ಬಳಸಲು ಬರೆದುಕೊಟ್ಟ ಅನುಮತಿ ಅವರ ಕೈಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಡೆಯುತ್ತಿರುವುದೆಲ್ಲ ಊರವರ ಸೈರಣೆಯ ಮೇಲೆ.

ಸೈರಣೆ ಮುಗಿದರೆ ಏನಾಗುತ್ತದೆ ಎನ್ನುವುದಕ್ಕೆ ಇದೇ ಶಿಲೆಯ ಇನ್ನೊಂದು ತುದಿಯನ್ನು ನೋಡಿ. ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು, ಬಂಡೆ ಹತ್ತುವವರಿಗೆ ಬಾಗಿಲು ಮುಚ್ಚಿತು. ಹಕ್ಕಿಯ ಪಾಲಿಗೆ ಅದು ಸರಿಯಾದ ತೀರ್ಮಾನ, ನಾನು ತಕರಾರು ಎತ್ತುವುದಿಲ್ಲ.

ಮುಚ್ಚದೆಯೂ ಕಾಪಾಡಬಹುದು ಎಂದು ತೋರಿಸಿದ ಜಾಗ ಅಮೆರಿಕದ ಟೆಕ್ಸಾಸ್‌ನಲ್ಲಿದೆ. ಎಲ್ ಪಾಸೋ ನಗರದ ಬಳಿಯ ಹ್ಯೂಕೋ ಟ್ಯಾಂಕ್ಸ್ ಎಂಬ ಆ ಗುಡ್ಡಗಳ ತುಂಬ ಮಳೆನೀರು ನಿಲ್ಲುವ ದೊಣೆಗಳು, ಚಾಚುಬಂಡೆಗಳ ಕೆಳಗೆ ಸಾವಿರಾರು ಪುರಾತನ ಚಿತ್ರಗಳು. ಅಲ್ಲಿನ ಮೂಲನಿವಾಸಿಗಳಿಗೆ ಅದು ಪೂಜ್ಯ ನೆಲ. ಬೌಲ್ಡರಿಂಗ್‌ನ ಕಷ್ಟ ಅಳೆಯುವ ‘ವಿ’ ಶ್ರೇಣಿ ಹುಟ್ಟಿದ್ದೂ ಅಲ್ಲೇ. ಜನ ಹೆಚ್ಚಿ, ಚಿತ್ರಗಳ ಮೇಲೆ ಗೀಚಾಟ ಮಿತಿಮೀರಿದಾಗ 1998ರಲ್ಲಿ ಹೊಸ ನಿಯಮ ಬಂತು. ಉತ್ತರದ ಗುಡ್ಡಕ್ಕೆ ಒಮ್ಮೆಗೆ 70 ಜನರಿಗಷ್ಟೇ ಪ್ರವೇಶ. ಉಳಿದ ಗುಡ್ಡಗಳಿಗೆ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಮೊದಲ ಸಲ ಬಂದವರು ನಿಯಮ ತಿಳಿಸುವ ವಿಡಿಯೋ ನೋಡಲೇಬೇಕು. ಚಿತ್ರವಿರುವ ಬಂಡೆಗೆ ಕೈ ಹಚ್ಚುವಂತಿಲ್ಲ. ಆಗ ಸಿಟ್ಟಾದವರು ಬಹಳ. ಇವತ್ತು ಅದೇ 70ರಲ್ಲಿ ಒಬ್ಬರಾಗಲು ಮುಂಚಿತವಾಗಿ ಜಾಗ ಕಾದಿರಿಸಿ ಜನ ಬರುತ್ತಾರೆ.

ಜನರನ್ನು ಎಣಿಸಿ ಒಳಬಿಡುವ ಅಂಥ ಗೇಟು ಹಂಪಿಗೆ ಹೊಂದದು. ಇದು ಬೇಲಿಯೊಳಗಿನ ಉದ್ಯಾನವಲ್ಲ, ಜನ ಉಳುಮೆ ಮಾಡುವ, ಕುರಿ ಮೇಯಿಸುವ, ಅಂಜನಾದ್ರಿಗೆ ನಡೆದುಕೊಳ್ಳುವ ಊರು. ಇಲ್ಲಿ ಮಿತಿಯನ್ನು ಕಟ್ಟಬೇಕಾದದ್ದು ಪ್ಯಾಡಿನ ಸುತ್ತ. ಹೊರಗಿನಿಂದ ಬಂದವರಲ್ಲಿ ಬಹುಮಂದಿ ಪ್ಯಾಡನ್ನು ಸ್ಥಳೀಯರಿಂದ ಬಾಡಿಗೆಗೆ ಪಡೆಯುತ್ತಾರೆ. ಆ ಬಾಡಿಗೆಯಲ್ಲೊಂದು ಪಾಲು ಎತ್ತಿಟ್ಟು ದಾರಿ ಸರಿಪಡಿಸಲು, ಕಸ ಎತ್ತಲು, ಊರಿನ ಹುಡುಗರನ್ನು ಮಾರ್ಗದರ್ಶಿಗಳಾಗಿ ತಯಾರು ಮಾಡಲು ಬಳಸಬಹುದು. ಪ್ಯಾಡ್ ಕೊಡುವಾಗಲೇ ಯಾವ ಗುಂಡು ಮುಟ್ಟಬಾರದು, ಯಾವ ಬದು ತುಳಿಯಬಾರದು ಎಂದು ಹೇಳಿ ಕಳಿಸಬಹುದು. ಚಿತ್ರವಿರುವ ಬಂಡೆಗಳ ಪಟ್ಟಿಯನ್ನು ಪುರಾತತ್ವ ತಜ್ಞರ ಜೊತೆ ಕೂತು ತಯಾರಿಸಲು ಹತ್ತುವವರೇ ಮುಂದಾಗಬೇಕು, ಅದಕ್ಕಾಗಿ ಮೊದಲು ಒಂದು ಸಂಘವಾಗಬೇಕು. ಹೆಸರಿಲ್ಲದ ಗುಂಪಿನ ಜೊತೆ ಯಾವ ಇಲಾಖೆಯೂ ಮಾತಾಡುವುದಿಲ್ಲ.

ಅಲ್ಲಿಯವರೆಗೆ ಈ ಚಳಿಗಾಲಕ್ಕೆ ಹೊರಟವರಲ್ಲಿ ನನ್ನ ಕೋರಿಕೆ ಇಷ್ಟು. ಹೆಸರಾದ ಗುಂಡಿನ ಕೆಳಗೆ ಆರು ಮಂದಿ ಕಂಡರೆ ಮುಂದಿನ ಗುಂಡಿಗೆ ಹೋಗಿ. ಮೆತ್ತನೆಯ ಬ್ರಷ್ ಒಯ್ಯಿರಿ, ನೀವು ಹಚ್ಚಿದ ಚಾಕನ್ನು ನೀವೇ ಒರೆಸಿ. ಕೆಂಪು ಗೆರೆಯ ಅನುಮಾನ ಬಂದರೂ ಕೈ ಹಿಂದೆ ತೆಗೆಯಿರಿ. ಗದ್ದೆ ದಾಟುವ ಮುನ್ನ ಅಲ್ಲಿರುವ ರೈತರನ್ನು ಕೇಳಿ ದಾಟಿ. ಅವರು ಬೇಡವೆಂದರೆ ತಕರಾರಿಲ್ಲದೆ ಹಿಂದಿರುಗಿ.