ಸೀತನಿಯ ಕಾಲ, ಭೀಮೆಯ ದಂಡೆ

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಮುಗಿದು, ಸಂಕ್ರಮಣವೂ ಕಳೆದು, ಬೆಳಗಿನ ಇಬ್ಬನಿ ಇನ್ನೂ ದಟ್ಟವಾಗಿ ಬೀಳುತ್ತಿರುವ ಕೆಲವೇ ದಿನಗಳಲ್ಲಿ, ಭೀಮಾನದಿಯ ಎರಡೂ ದಂಡೆಗಳ ಎರೆಹೊಲಗಳಲ್ಲಿ ಬಿಳಿಜೋಳದ ತೆನೆಯು ಒಂದು ವಿಶೇಷವಾದ ಅವಸ್ಥೆಯನ್ನು ಮುಟ್ಟುತ್ತದೆ. ಹಾಲು ತುಂಬಿದ ಕಾಳು ಗಟ್ಟಿಯಾಗತೊಡಗಿರುತ್ತದೆ, ಆದರೆ ಅದರೊಳಗಿನ ಸಿಹಿಯೆಲ್ಲ ಇನ್ನೂ ಹಿಟ್ಟಾಗಿ ಪರಿಣಮಿಸಿರುವುದಿಲ್ಲ. ಉಗುರಿನಿಂದ ಒತ್ತಿದರೆ ಹಾಲು ಚಿಮ್ಮುವುದಿಲ್ಲ, ಕಾಳು ಮೆತ್ತಗೆ ತಗ್ಗುತ್ತದೆ. ಆ ತೆನೆಯನ್ನು ಮುರಿದು, ಹೊಲದಲ್ಲಿಯೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಿಂದ ತಿಕ್ಕಿ, ಬಿಸಿಬಿಸಿಯಾದ ಹಸಿರು ಕಾಳನ್ನು ಹಾಗೆಯೇ ತಿನ್ನುವುದೇ ಸೀತನಿ. ಕನ್ನಡನಾಡಿನ ಭೋಜ್ಯಗಳಲ್ಲಿ ಇದಕ್ಕಿಂತ ಸರಳವೂ ಇದಕ್ಕಿಂತ ದುರ್ಲಭವೂ ಆದದ್ದು ಇನ್ನೊಂದು ಇದೆಯೆಂದು ನನಗೆ ತೋರುವುದಿಲ್ಲ. ಸುಟ್ಟ ಅರ್ಧ ತಾಸಿನಲ್ಲಿ ಇದರ ಮಾಧುರ್ಯ ಇಳಿಯತೊಡಗುತ್ತದೆ. ಡಬ್ಬಿಯಲ್ಲಿ ತುಂಬಿ ಕಲಬುರಗಿಗೆ ಒಯ್ದರೆ ತಲುಪುವುದು ಕೇವಲ ಬೆಂದ ಜೋಳ. ಆದಕಾರಣ ರುಚಿಯನ್ನು ನಮ್ಮ ಬಳಿಗೆ ತರಿಸಿಕೊಳ್ಳುವ ಉಪಾಯವೇ ಇಲ್ಲ. ಅದಿರುವ ಕಡೆಗೆ, ಅದು ಹೇಳಿದ ದಿನದಂದು, ನಾವೇ ಹೋಗತಕ್ಕದ್ದು.

ನಾವು ಕೆಲವರು ಸಹಪಾಠಿಗಳು, ಕಲಬುರಗಿಯ ಕಾಲೇಜಿನ ದಿನಗಳಿಂದ ಬೆಸೆದುಕೊಂಡವರು, ಈ ಆಜ್ಞೆಯನ್ನು ತಲೆಬಾಗಿ ಪಾಲಿಸುತ್ತ ಬಂದಿದ್ದೇವೆ. ಒಬ್ಬರು ಆಳಂದದಲ್ಲಿ ಶಿಕ್ಷಕರಾಗಿದ್ದು ನಿವೃತ್ತರಾದವರು, ಇನ್ನೊಬ್ಬರು ಜೇವರ್ಗಿಯಲ್ಲಿ ವಕೀಲರು, ಮತ್ತೊಬ್ಬರು ಪುಣೆಯಲ್ಲಿ ವೈದ್ಯರು. ಹೊಲವಿರುವವನು ಅಫಜಲಪುರ ತಾಲೂಕಿನ ಘತ್ತರಗಿಯ ಕಡೆಯವನು. ಮದುವೆ ಮುಂಜಿಗಳಿಗೆ ರಜೆಯಿಲ್ಲವೆಂದು ತಪ್ಪಿಸಿಕೊಳ್ಳುವವರು ಸಹ ಸೀತನಿಗೆ ತಪ್ಪಿಸಿಕೊಳ್ಳುವುದಿಲ್ಲ. ಮುಂದಿನ ತಿಂಗಳು ಬರುತ್ತೇನೆಂದರೆ ತೆನೆ ಕಾಯುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಹೀಗೆ ಒಂದು ಪೈರು ತನ್ನ ಪಕ್ವಕಾಲವನ್ನು ಮುಂದಿಟ್ಟು ದೂರದ ಊರುಗಳಲ್ಲಿ ಚದುರಿಹೋದ ಸ್ನೇಹವನ್ನು ಒಂದುಗೂಡಿಸುತ್ತಿರುವುದನ್ನು ನೆನೆದಾಗ, ಬಿಡುವು ನೋಡಿಕೊಂಡು ಸೇರುವ ಗೋಷ್ಠಿಗಳಿಗಿಂತ ಇದು ದೃಢವಾದುದೆಂದು ನಾನು ನಂಬುತ್ತೇನೆ.

ಈ ಸಲ ಆಳಂದದಿಂದಲೇ ಹೊರಟೆವು. ಬಸವಣ್ಣನವರ ಕಾಲದ ಶರಣ ಏಕಾಂತದ ರಾಮಯ್ಯನ ಊರೆಂದು ಅಬ್ಬಲೂರಿನ ಶಾಸನವು ಹೇಳುವ ಅಲಂದೆ ಇದು. ದಾರಿಯ ಎಡಬಲಗಳಲ್ಲಿ ತೊಗರಿಯ ಒಣಗಿದ ಗಿಡಗಳು, ಅಲ್ಲಲ್ಲಿ ಕಡಲೆಯ ಹಸಿರು. ಅಮರ್ಜೆಯು ಈ ತಾಲೂಕಿನಲ್ಲಿಯೇ ಹುಟ್ಟಿ, ಕೋರಹಳ್ಳಿಯ ಹತ್ತಿರದ ಅಣೆಕಟ್ಟಿನಲ್ಲಿ ಸ್ವಲ್ಪ ವಿಶ್ರಮಿಸಿ, ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಜನಿಸಿ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು ಬಂದ ಹೊಳೆ ಈ ಭೀಮೆ. ದತ್ತಾವತಾರಿಯೆನಿಸಿದ ಶ್ರೀ ನರಸಿಂಹ ಸರಸ್ವತಿಗಳು ನೆಲೆಸಿದ್ದ ಗಾಣಗಾಪುರದಲ್ಲಿ ಮಧ್ಯಾಹ್ನದ ವೇಳೆ ಸಾಕ್ಷಾತ್ ದತ್ತಾತ್ರೇಯನೇ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುವನೆಂಬ ನಂಬಿಕೆಯಿಂದ, ಲಕ್ಷಾಧಿಪತಿಯಾದ ಯಾತ್ರಿಕನೂ ಜೋಳಿಗೆ ಹಿಡಿದು ಐದು ಮನೆಗಳ ಮುಂದೆ ನಿಂತು ಮಧುಕರಿ ಬೇಡುತ್ತಾನೆ. ಅನ್ನದ ಎದುರಿನಲ್ಲಿ ಮನುಷ್ಯನು ಹೇಗೆ ನಿಲ್ಲಬೇಕೆಂಬುದನ್ನು ಇಷ್ಟು ಪ್ರತ್ಯಕ್ಷವಾಗಿ ಕಲಿಸುವ ಇನ್ನೊಂದು ಆಚಾರವನ್ನು ನಾನು ಕಾಣೆ. ನಾವು ಸಂಗಮದಲ್ಲಿ ಕಾಲು ತೊಳೆದು, ನಿರ್ಗುಣ ಪಾದುಕೆಗಳ ದರ್ಶನ ಪಡೆದು, ರಾತ್ರಿಗೆ ಗೆಳೆಯನ ಮನೆ ಸೇರಿದೆವು.

ಸೀತನಿಗೆ ತೆನೆಯನ್ನು ಇಬ್ಬನಿ ಆರುವ ಮೊದಲೇ ಮುರಿಯಬೇಕು. ಬೆಳಕು ಹರಿಯುತ್ತಲೇ ಗೆಳೆಯನ ಕಾಕಾ ಬಾಗಿಲಿಗೆ ಬಂದು, “ಏಳ್ರಪ್ಪಾ, ಬಿಸಲ ಏರದ್ರೊಳಗ ಹೊಲಕ್ಕ ಹೋಗಮು” ಎಂದು ಎಬ್ಬಿಸಿದರು. ಎಂಬತ್ತು ದಾಟಿದ ಅವರು ಸಾಲುಗಳ ನಡುವೆ ನಡೆದು, ತೆನೆಗಳನ್ನು ಕಣ್ಣಿನಿಂದಲೇ ಆರಿಸಿ, ಸಂಶಯ ಬಂದಲ್ಲಿ ಮಾತ್ರ ಒಂದು ಕಾಳನ್ನು ಹಲ್ಲಿಗಿಟ್ಟು ನೋಡುತ್ತಿದ್ದರು. ಹೊಲದ ನಡುವೆ ಇರುವುದು ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಕಳೆದ ಶತಮಾನದ ಮೂವತ್ತರ ದಶಕದಲ್ಲಿ ನಾಟಿ ತಳಿಯಿಂದ ಆಯ್ದು ತೆಗೆದ ಎಂ 35-1. ಅದರ ರೊಟ್ಟಿಗೆ ಸಮವಾದುದಿಲ್ಲ. ಆದರೆ ಸೀತನಿಗೆಂದೇ ಅಂಚಿನ ಕೆಲವು ಸಾಲುಗಳಲ್ಲಿ ಬಿತ್ತಿರುವುದು ಸಕ್ಕರಿ ಮುಕ್ಕರಿ. ಅದರ ಕಾಳು ಸಿಪ್ಪೆಯಿಂದ ಸುಲಭವಾಗಿ ಬಿಡುತ್ತದೆ, ಸಿಹಿಯೂ ಹೆಚ್ಚು. ಹೊಲದ ಸುತ್ತ ದನಕರುಗಳು ನುಗ್ಗದಂತೆ ಮುಳ್ಳಿನ ಕುಸುಬೆಯ ಸಾಲು.

ಮೊಣಕಾಲುದ್ದದ ಒಂದು ಕುಣಿಯನ್ನು ತೋಡಿ, ಅದರಲ್ಲಿ ಕುಳ್ಳು ಒಟ್ಟಿ ಉರಿ ಹಚ್ಚಿ, ಉರಿಯೆಲ್ಲ ಅಡಗಿ ಬೂದಿಯ ಕೆಳಗೆ ಕೆಂಡ ಮಾತ್ರ ಉಳಿಯುವವರೆಗೆ ಕಾಯುವುದು ಇದರಲ್ಲಿ ಅತ್ಯಂತ ಕಠಿಣವಾದ ಕಾರ್ಯ. ಹಸಿದವರು ಆತುರಪಟ್ಟರೆ ತೆನೆಗೆ ಹೊಗೆಯ ಕಹಿ ಹತ್ತುತ್ತದೆ. ಅನಂತರ ತೆನೆಗಳನ್ನು ದಂಟಿನ ತುಂಡು ಮಾತ್ರ ಹೊರಗಿರುವಂತೆ ಕೆಂಡದ ಬೂದಿಯಲ್ಲಿ ಹುಗಿದು, ತಿರುವುತ್ತ, ಕಾಳು ಚಿಟಿಚಿಟಿ ಎನ್ನುವುದರೊಳಗಾಗಿ ತೆಗೆಯಬೇಕು. ತೆಗೆದ ತೆನೆಯನ್ನು ಗೋಣಿಯ ಮೇಲೆ ಒಂದು ಸಲ ಬಡಿದು ಬೂದಿ ಉದುರಿಸಿ, ಬಿಸಿ ತಾಳುವ ಅಂಗೈಯವರು ಎರಡು ಕೈಗಳ ನಡುವೆ ಹೊಸೆದರೆ, ಕಾಳು ಬೇರೆ ಹೊಟ್ಟು ಬೇರೆಯಾಗಿ ಸುರಿಯುತ್ತದೆ. ಮೊರದಲ್ಲಿ ಕೇರಿ, ಬೊಗಸೆಯಲ್ಲಿ ಹಾಕುತ್ತಾರೆ. ಈಗೀಗ ಕೆಲವು ಕಡೆ ತಂತಿಯ ಬಲೆಯ ಮೇಲೆ ತಿಕ್ಕುವರು. ಕಾಳು ಜಜ್ಜಿ ಅಂಟಾಗುತ್ತದೆಯಾದಕಾರಣ ನಾನು ಅದನ್ನು ಮೆಚ್ಚಲಾರೆ.

ಜೊತೆಗೆ ಏನಿರಬೇಕೆಂಬುದರಲ್ಲಿ ಮತಭೇದಗಳುಂಟು. ಸೇವು, ಸಕ್ಕರೆ, ಚೂಡಾ ಮುಂತಾದವುಗಳನ್ನು ಬೆರೆಸುವ ರೂಢಿ ಪೇಟೆಯಿಂದ ಬಂದದ್ದು. ಅವು ಕಾಳಿನ ಸಿಹಿಯನ್ನು ಮುಚ್ಚಿಬಿಡುತ್ತವೆ. ಒರಳಲ್ಲಿ ಬೆಳ್ಳುಳ್ಳಿಯೊಡನೆ ದಪ್ಪಗೆ ಕುಟ್ಟಿದ ಶೇಂಗಾ ಹಿಂಡಿ ಒಂದು ಬೊಗಸೆಗೆ, ಒಂದು ಚೂರು ಬೆಲ್ಲ ಇನ್ನೊಂದು ಬೊಗಸೆಗೆ, ಕೊನೆಗೆ ಕೆನೆಮೊಸರು, ಇಷ್ಟರಲ್ಲಿ ಶಾಸ್ತ್ರ ಪೂರ್ಣವಾಯಿತು. ಮೊದಲ ಬೊಗಸೆಗೆ ಮಾತ್ರ ಏನನ್ನೂ ಸೇರಿಸಬಾರದು. ಹುಲ್ಲಿನ ಹಸಿ ವಾಸನೆ, ಬೂದಿಯ ಅತಿ ಸೂಕ್ಷ್ಮವಾದ ಒಗರು, ಆಮೇಲೆ ನಿಧಾನವಾಗಿ ನಾಲಗೆಯ ಹಿಂಬದಿಯಲ್ಲಿ ಏಳುವ ಹಾಲುಸಿಹಿ: ಇವು ಒಂದಾದ ಮೇಲೊಂದು ಬರುವುದನ್ನು ಗಮನಿಸಲು ಮೌನವೇ ಯೋಗ್ಯ. ವಕೀಲರು ಏನನ್ನೋ ವಿವರಿಸತೊಡಗಿದಾಗ ಕಾಕಾ, “ಆರಿದ್ ಮ್ಯಾಲ ಸೀತನಿ ಎಲ್ಲಿದು? ಮೊದಲ ತಿನ್ರಪ್ಪಾ, ಮಾತು ಆಮ್ಯಾಲ” ಎಂದರು. ನೀರಾವರಿಯ ಜೋಳದ ಸೀತನಿಯನ್ನೂ ನಾನು ತಿಂದಿದ್ದೇನೆ, ಅದು ನೀರುನೀರು. ಮುಂಗಾರಿನ ಮಳೆಯನ್ನೆಲ್ಲ ಕುಡಿದು ತೇವವನ್ನು ಆಳದಲ್ಲಿ ಬಚ್ಚಿಟ್ಟುಕೊಂಡ ಎರೆನೆಲದಲ್ಲಿ, ಬಿತ್ತಿದ ಮೇಲೆ ಹನಿ ಮಳೆಯಿಲ್ಲದೆಯೂ ಇಬ್ಬನಿ ಛಳಿಗಳಲ್ಲಿ ಬೆಳೆದ ಹಿಂಗಾರಿ ಜೋಳಕ್ಕೇ ಆ ಸಾಂದ್ರತೆ ಬರತಕ್ಕದ್ದು.

ಮರುದಿನ ಭೀಮೆಯನ್ನು ದಾಟಿ ಜೇವರ್ಗಿ ಸೀಮೆಯ ಅರಳಗುಂಡಗಿಗೆ ಹೋದೆವು. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು (1746–1822) ಹುಟ್ಟಿದ ಊರು. ಅವರು ತಮ್ಮ ಜೋಳದ ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ, ತಿಂದು ಬಾಯಾರಿದರೆ ಕುಡಿಯಲೆಂದು ನೀರಿಟ್ಟರೆಂದೂ, ನೆರೆಯ ಹೊಲದವರು ತಮ್ಮಲ್ಲಿಂದ ಓಡಿಸಿದ ಹಕ್ಕಿಗಳೂ ಅಲ್ಲಿಗೇ ಬಂದವೆಂದೂ, ಆದರೂ ರಾಶಿಯಲ್ಲಿ ಅವರದೇ ಮಿಗಿಲಾಯಿತೆಂದೂ ಈ ಸೀಮೆಯ ಪ್ರತಿಯೊಂದು ಮಗುವೂ ಹೇಳಬಲ್ಲುದು. ಹಕ್ಕಿಗಳು ಮುತ್ತುವುದು ಸರಿಯಾಗಿ ಈ ಹಾಲುಗಾಳಿನ ದಿನಗಳಲ್ಲಿಯೇ; ಎಂದಮೇಲೆ ಆ ಕಥೆಯು ಸೀತನಿಯ ಕಾಲದ್ದೇ ಸರಿ. ಅಂಚಿನ ಸಾಲುಗಳನ್ನು ನೆಂಟರಿಗೂ ದಾರಿಹೋಕರಿಗೂ ಬಿಟ್ಟುಕೊಡುವ ಒಕ್ಕಲಿಗನ ಔದಾರ್ಯಕ್ಕೆ ಆ ದಾಸೋಹದ ಬೇರು ತಾಗಿದೆಯೆಂದು ನನ್ನ ಭಾವನೆ.

ಋತುವನ್ನು ನಂಬಿ ಸೇರುವ ಇಂಥ ಕೂಟಗಳು ಪರದೇಶಗಳಲ್ಲಿಯೂ ಇವೆ. ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ನಾಡಿನಲ್ಲಿ, ಸಾನ್ ಸೆಬಾಸ್ಟಿಯನ್ ನಗರದ ಸಮೀಪದ ಅಸ್ತಿಗರ್ರಾಗ ಮೊದಲಾದ ಹಳ್ಳಿಗಳಲ್ಲಿ, ಜನವರಿಯಿಂದ ಏಪ್ರಿಲ್‌ವರೆಗೆ ಸೇಬಿನ ಮದ್ಯದ ಮನೆಗಳು ತೆರೆದಿರುತ್ತವೆ. ಹಳೆಯ ಗೆಳೆಯರು ಗುಂಪುಗಟ್ಟಿ ಹೋಗಿ, ದೊಡ್ಡ ಪೀಪಾಯಿಯಿಂದ ನೇರವಾಗಿ ಚಿಮ್ಮುವ ಹೊಸ ಮದ್ಯವನ್ನು ಬಟ್ಟಲಲ್ಲಿ ಹಿಡಿಯುತ್ತಾರೆ, ಮೀನಿನ ಆಮ್ಲೆಟ್ಟನ್ನೂ ಸುಟ್ಟ ಮಾಂಸವನ್ನೂ ತಿನ್ನುತ್ತಾರೆ. ಆ ಜನ ತಮ್ಮ ಕಣಿವೆಯ ಊಟವನ್ನು ಒಂದು ವಿದ್ಯೆಯೆಂದೇ ಗೌರವಿಸಿ ಲೋಕದ ಮನ್ನಣೆಯನ್ನು ಪಡೆದರು. ಭೀಮೆಯ ಕಣಿವೆಗೂ ಆ ಗೌರವ ಸಲ್ಲಬೇಕೆಂದು ನಾನು ಪೂರ್ಣ ಮನಸ್ಸಿನಿಂದ ವಾದಿಸುತ್ತೇನೆ.

ಏಕೆಂದರೆ ಈ ಕಣಿವೆಯ ಊಟವು ಕೈಬಿಟ್ಟುಹೋಗುವ ಲಕ್ಷಣಗಳು ಕಾಣುತ್ತಿವೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತದ್ದು ಸಂತೋಷ. ಸೊನ್ನದ ಬ್ಯಾರೇಜಿನ ನೀರು ಬಂದಲ್ಲಿ ಕಬ್ಬು ಬಂದದ್ದೂ ಸಹಜ. ಆದರೆ ಅವುಗಳ ನಡುವೆ ಜೋಳದ ಹೊಲಗಳು ಕಿರಿದಾಗುತ್ತ ನಡೆದಿವೆ. ಮಾಲದಂಡಿಯ ಎತ್ತರದ ಪೈರನ್ನು ಕೈಯಿಂದ ಕಿತ್ತು ತೆನೆ ಮುರಿಯಬೇಕು, ಆಳು ಸಿಗುವುದಿಲ್ಲ. ಒಬ್ಬನೇ ಜೋಳ ಬಿತ್ತಿದರೆ ಊರ ಹಕ್ಕಿಗಳೆಲ್ಲ ಅವನೊಬ್ಬನ ಮೇಲೆಯೇ ಎರಗುತ್ತವೆ. ಕವಣೆ ಹಿಡಿದು ಅಟ್ಟದ ಮೇಲೆ ನಿಲ್ಲುವ ಹುಡುಗರು ಈಗ ಶಾಲೆಯಲ್ಲಿದ್ದಾರೆ, ಇರತಕ್ಕದ್ದೂ ಅಲ್ಲಿಯೇ. ಜೋಳ ಕಡಿಮೆಯಾದರೆ ಕಣಿಕೆ ಕಡಿಮೆ, ಕಣಿಕೆಯಿಲ್ಲದೆ ಎತ್ತುಗಳನ್ನು ಸಾಕಲಾಗದು, ಎತ್ತುಗಳು ಹೋದ ಮನೆಯಲ್ಲಿ ಕುಳ್ಳು ಎಲ್ಲಿಂದ ಬರಬೇಕು? ಕುಣಿಯ ಕೆಂಡವೂ ಕುಣಿಗೆ ಹಾಕುವ ತೆನೆಯೂ ಒಂದೇ ಬೇಸಾಯದ ಮಕ್ಕಳು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಗರಗಳಲ್ಲಿ ಮೇಳಗಳು ನಡೆದವು; ಘತ್ತರಗಿಯ ಒಕ್ಕಲಿಗನಿಗೆ ಬೇಕಾದುದು ಅವನ ಕ್ವಿಂಟಲಿಗೆ ನ್ಯಾಯವಾದ ಬೆಲೆ.

ಸೀತನಿಗೆ ಹೋಗಬಯಸುವ ವಾಚಕರು ಸಂಕ್ರಮಣದಿಂದ ಜನವರಿಯ ಕೊನೆಯವರೆಗೆ, ಪರಿಚಯದವರ ಮೂಲಕ ಮೊದಲೇ ಹೇಳಿಕಳಿಸಿ, ನಸುಕಿನಲ್ಲಿ ಹೊಲ ಮುಟ್ಟುವಂತೆ ಹೋಗಲಿ. ತಿಂದುದಕ್ಕೆ ಹಣ ಕೊಡಹೋಗಬಾರದು. ಯಾರೂ ಮುಟ್ಟುವುದಿಲ್ಲ, ನೊಂದುಕೊಳ್ಳುತ್ತಾರೆ. ಅದರ ಬದಲು ಮಾರ್ಚಿನಲ್ಲಿ ರಾಶಿಯಾದ ಮೇಲೆ ಅದೇ ಹೊಲದ ಜೋಳವನ್ನು, ಒಕ್ಕಲಿಗನು ಹೇಳಿದ ಬೆಲೆಗೆ, ವರ್ಷಕ್ಕಾಗುವಷ್ಟು ಕೊಳ್ಳಿರಿ. ಪುಣೆಯ ವೈದ್ಯರು ಹಾಗೆ ಮಾಡತೊಡಗಿದ ಮೇಲೆ ಅವರ ನೆರೆಹೊರೆಯ ಕೆಲವು ಮನೆಗಳೂ ಸೇರಿಕೊಂಡವು. ನಮ್ಮ ಗೆಳೆಯನು ಬರುವ ಹಿಂಗಾರಿಗೆ ತೊಗರಿಯ ಒಂದು ಪಟ್ಟಿಯನ್ನು ಬಿಟ್ಟು ಮತ್ತೆ ಮಾಲದಂಡಿ ಬಿತ್ತುವುದಾಗಿ, ಅಂಚಿಗೆ ಸಕ್ಕರಿ ಮುಕ್ಕರಿಯ ಸಾಲುಗಳನ್ನು ಹೆಚ್ಚಿಸುವುದಾಗಿ ಹೇಳಿದ್ದಾನೆ.