ಬಿದ್ದೇಳುವ ವಿದ್ಯೆ

ಒಂದು ಕಾಲಕ್ಕೆ ಕಾದಂಬರಿ ಓದುವ ಹುಡುಗ ಕೆಟ್ಟನೆಂದೇ ಹಿರಿಯರು ಬಗೆಯುತ್ತಿದ್ದರು. ಆಮೇಲೆ ಆ ಅಪವಾದ ಸಿನಿಮಾದ ಪಾಲಿಗೆ ಬಂತು. ಈಗ ಅದನ್ನು ಹೊತ್ತಿರುವುದು ವಿಡಿಯೊ ಆಟ. ಈ ಆಟಗಳನ್ನು ಕುರಿತು ಮಾತನಾಡುವವರಲ್ಲಿ ಎರಡು ಪಂಗಡಗಳುಂಟು. ಮಕ್ಕಳ ಕಣ್ಣು, ಹೊತ್ತು, ಬುದ್ಧಿ ಮೂರನ್ನೂ ಇವು ತಿಂದುಹಾಕುತ್ತವೆ ಎನ್ನುವವರು ಒಂದು ಕಡೆ. ಇವನ್ನಾಡಿದರೆ ಮೆದುಳು ಚುರುಕಾಗುತ್ತದೆಂದು ಲೇಹ್ಯದಂತೆ ಶಿಫಾರಸು ಮಾಡುವವರು ಇನ್ನೊಂದು ಕಡೆ. ಇಬ್ಬರಿಗೂ ಸಮಾನವಾದ ಗುಣವೊಂದಿದೆ: ಯಾವ ಆಟ ಎಂದು ಇಬ್ಬರೂ ಕೇಳುವುದಿಲ್ಲ. ಕಾವ್ಯವನ್ನೆಲ್ಲ ಒಟ್ಟಿಗೆ ಹೊಗಳುವುದಾಗಲಿ ತೆಗಳುವುದಾಗಲಿ ವಿಮರ್ಶೆಯಾಗದು. ಆದಕಾರಣ ಇಲ್ಲಿ ಒಂದೇ ಒಂದು ಆಟವನ್ನು ಎತ್ತಿಕೊಂಡು, ಕಠಿಣವಾದ ಆಟದಿಂದ ಮಗು ಕಲಿಯುವುದೇನು, ಕಲಿಯದೆ ಉಳಿಯುವುದೇನು ಎಂಬುದನ್ನು ಪರಿಶೀಲಿಸಬಯಸುತ್ತೇನೆ.

ಆಟದ ಹೆಸರು ‘ಸೆಲೆಸ್ಟ್’. 2018ರ ಜನವರಿಯಲ್ಲಿ ಹೊರಬಂದದ್ದು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಎಂಬಿಬ್ಬರು ನಾಲ್ಕೇ ದಿನಗಳಲ್ಲಿ ಕಟ್ಟಿದ ಪುಟ್ಟ ಆಟವೊಂದು ಇದರ ಬೀಜ. ಕಥೆ ಸರಳವಾದದ್ದು. ಮ್ಯಾಡಲಿನ್ ಎಂಬ ಹುಡುಗಿ ಮನಸ್ಸಿನ ತಳಮಳವನ್ನು ಹೊತ್ತುಕೊಂಡು ಕೆನಡಾದ ಪರ್ವತವೊಂದನ್ನು ಒಬ್ಬಳೇ ಹತ್ತಲು ಹೊರಡುತ್ತಾಳೆ. ಆಡುವವರ ಕೈಯಲ್ಲಿರುವ ಸಾಧನಗಳು ಮುಖ್ಯವಾಗಿ ಮೂರೇ: ನೆಗೆಯುವುದು, ಗೋಡೆಯನ್ನು ಹಿಡಿದು ಹತ್ತುವುದು, ಗಾಳಿಯಲ್ಲಿ ಒಮ್ಮೆ ಬೇಕಾದ ದಿಕ್ಕಿಗೆ ಚಿಮ್ಮುವುದು. ಹಿಡಿತದ ಶಕ್ತಿ ಬೇಗ ಸೋರಿಹೋಗುತ್ತದೆ. ಒಮ್ಮೆ ಚಿಮ್ಮಿದ ಮೇಲೆ ಸಾಮಾನ್ಯವಾಗಿ ನೆಲ ಮುಟ್ಟುವವರೆಗೆ ಮತ್ತೆ ಚಿಮ್ಮಲಾಗದು. ಹುಡುಗಿಯ ಕೆಂಗೂದಲು ನೀಲಿಗೆ ತಿರುಗಿತೆಂದರೆ ಆ ಶಕ್ತಿ ಮುಗಿಯಿತೆಂದರ್ಥ; ನಾಲ್ಕು ಸಲ ಬಿದ್ದ ಮಗು ಇದನ್ನು ತಾನೇ ಕಂಡುಕೊಳ್ಳುತ್ತದೆ.

ಈ ಮೂರು ಅಕ್ಷರಗಳಿಂದ ನೂರಾರು ಒಗಟುಗಳನ್ನು ಹೆಣೆದಿರುವುದು ಕರ್ತೃಗಳ ಜಾಣ್ಮೆ. ಪರ್ವತವೆಲ್ಲ ಕೋಣೆ ಕೋಣೆಯಾಗಿ ಒಡೆದುಕೊಂಡಿದೆ. ಒಂದು ಕೋಣೆಯಲ್ಲಿ ಮುಳ್ಳಿನ ಸಾಲು, ಇನ್ನೊಂದರಲ್ಲಿ ಕಾಲಿಟ್ಟೊಡನೆ ಕುಸಿಯುವ ಕಲ್ಲು, ಮತ್ತೊಂದರಲ್ಲಿ ಎದುರು ಬೀಸುವ ಗಾಳಿ. ಕಠಿಣವೇ, ಸಂದೇಹವಿಲ್ಲ. ಆದರೆ ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕೋಣೆಯ ಬಾಗಿಲಲ್ಲೇ ಮತ್ತೆ ಹುಟ್ಟು. ಕಳೆದುಕೊಳ್ಳುವುದಕ್ಕೆ ಎಣಿಸಿಕೊಟ್ಟ ಪ್ರಾಣಗಳಿಲ್ಲ, ಗಳಿಸಿದ್ದರ ಮೇಲೆ ದಂಡವಿಲ್ಲ. ಎಷ್ಟು ಸಲ ಸತ್ತೆಯೆಂಬ ಲೆಕ್ಕವನ್ನು ಆಟ ಮುಚ್ಚಿಡುವುದಿಲ್ಲ. ಆ ಸಂಖ್ಯೆಗೆ ನಾಚಬೇಕಾಗಿಲ್ಲ, ಹೆಚ್ಚು ಸತ್ತವರು ಹೆಚ್ಚು ಕಲಿಯುತ್ತಿದ್ದಾರೆ ಎಂಬ ಅರ್ಥದ ಅಂಚೆ ಕಾರ್ಡೊಂದನ್ನು ನಡುವೆ ತೋರಿಸುತ್ತದೆ.

ನನ್ನ ತಂಗಿಯ ಮಗಳು, ಹನ್ನೊಂದು ವರ್ಷದವಳು, ಕಳೆದ ರಜೆಯಲ್ಲಿ ನಮ್ಮ ಮನೆಯಲ್ಲಿದ್ದಾಗ ಇದನ್ನಾಡುತ್ತಿದ್ದಳು. ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿದೆ. ಒಂದೇ ಕೋಣೆಯಲ್ಲಿ ಅವಳು ನಲವತ್ತು ಸಲವಾದರೂ ಬಿದ್ದಿರಬೇಕು. ಮೊದಲ ಹತ್ತು ಸಲ ಬರಿಯ ಆತುರ. ಆಮೇಲೆ ತುಟಿ ಮೆಲ್ಲಗೆ ಅಲುಗತೊಡಗಿತು: “ಬೇಗ ಹಾರಿದೆ... ಈಗ ತಡವಾಯಿತು... ಮೊದಲು ಗೋಡೆ ಹಿಡಿಯಬೇಕು.” ಬಿದ್ದದ್ದು ಅವಮಾನವಾಗಿ ಉಳಿಯದೆ ಸುದ್ದಿಯಾಗಿ ಮಾರ್ಪಟ್ಟಿತ್ತು. ದೊಡ್ಡ ಕಷ್ಟವನ್ನು ಚಿಕ್ಕ ಚಿಕ್ಕ ಕಷ್ಟಗಳಾಗಿ ಒಡೆದು, ತಪ್ಪಿದ್ದೆಲ್ಲಿ ಎಂದು ಹುಡುಕಿ, ಅಷ್ಟನ್ನೇ ತಿದ್ದಿಕೊಳ್ಳುವುದು: ಕಲಿಕೆಯೆಂದರೆ ಇದಲ್ಲದೆ ಇನ್ನೇನು? ಭಾಷಾವಿಜ್ಞಾನಿ ಜೇಮ್ಸ್ ಪಾಲ್ ಗೀ 2003ರಷ್ಟು ಹಿಂದೆಯೇ ಇದಕ್ಕೊಂದು ಪುಸ್ತಕವನ್ನು ಮೀಸಲಿಟ್ಟರು. ಒಳ್ಳೆಯ ಆಟ ಸೋಲಿನ ಬೆಲೆಯನ್ನು ತಗ್ಗಿಸುತ್ತದೆ, ಆದ್ದರಿಂದಲೇ ಆಡುವವರು ಧೈರ್ಯದಿಂದ ಹೊಸದನ್ನು ಪ್ರಯತ್ನಿಸುತ್ತಾರೆ ಎಂಬುದು ಅವರ ವಾದಗಳಲ್ಲಿ ಒಂದು.

ಬೆಲೆ ತಗ್ಗಿದರಷ್ಟೇ ಸಾಲದು. ಬೀಳುವುದು ನ್ಯಾಯವಾಗಿಯೂ ಇರಬೇಕು. ಈ ವಿಷಯದಲ್ಲಿ ‘ಸೆಲೆಸ್ಟ್’ ಗುಟ್ಟಾಗಿ ಕರುಣೆ ತೋರುತ್ತದೆ. ಕಾಲು ಅಂಚನ್ನು ದಾಟಿ ಗಾಳಿಗೆ ಬಂದ ಮೇಲೂ ಕ್ಷಣದ ಒಂದಂಶದವರೆಗೆ ನೆಗೆತವನ್ನು ಅದು ಒಪ್ಪಿಕೊಳ್ಳುತ್ತದೆ. ನೆಲ ಮುಟ್ಟುವುದಕ್ಕೆ ತುಸು ಮುನ್ನವೇ ಗುಂಡಿ ಒತ್ತಿದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತಲೆ ಕಲ್ಲಿನ ಮೂಲೆಗೆ ತಾಗಿದರೆ ಮೆಲ್ಲನೆ ಪಕ್ಕಕ್ಕೆ ಸರಿಸುತ್ತದೆ. ಕರ್ತೃಗಳೇ ಮುಂದೆ ಇದನ್ನು ಬಹಿರಂಗಪಡಿಸಿದರು. ಕಟ್ಟುನಿಟ್ಟಾದ ಮೇಷ್ಟರೊಬ್ಬರು ಕಾಣದ ಹಾಗೆ ಅರ್ಧ ಅಂಕ ಕೂಡಿಸಿದಂತೆ ಇದು. ಮಗುವಿಗೆ ಗೆದ್ದೆನೆಂಬ ಹೆಮ್ಮೆಯೂ ಉಳಿಯಿತು, ಉದ್ದೇಶ ಸರಿಯಿದ್ದ ಯತ್ನ ವ್ಯರ್ಥವೂ ಆಗಲಿಲ್ಲ.

ಇನ್ನು ದೋಷಗಳ ಮಾತು. ಕಥೆಯ ನಡುವೆ ಮ್ಯಾಡಲಿನ್ನಳ ಅಂಜಿಕೆಯೇ ಇನ್ನೊಬ್ಬ ಹುಡುಗಿಯ ರೂಪ ತಾಳಿ ಅವಳನ್ನು ಬೆನ್ನಟ್ಟುತ್ತದೆ. ಅದನ್ನು ಕಿತ್ತೊಗೆಯಲು ಹೋಗಿ ಅವಳು ಪರ್ವತದ ಬುಡಕ್ಕೆ ಬೀಳುತ್ತಾಳೆ. ಅದರೊಡನೆ ರಾಜಿಯಾದಾಗ ಒಂದಲ್ಲ, ಎರಡು ಸಲ ಚಿಮ್ಮುವ ಶಕ್ತಿ ಬರುತ್ತದೆ. ಈ ಕಲ್ಪನೆ ಚೆಲುವಾದದ್ದು, ಏಕೆಂದರೆ ರಾಜಿಯ ಅರ್ಥವನ್ನು ನಮ್ಮ ಬೆರಳುಗಳೇ ಅರಿಯುತ್ತವೆ. ಅಷ್ಟಕ್ಕೆ ತೃಪ್ತರಾಗದೆ ಕರ್ತೃಗಳು ಅದೇ ಅರ್ಥವನ್ನು ಸಂಭಾಷಣೆಯಲ್ಲಿ ಬಿಡಿಸಿ ಬಿಡಿಸಿ ಹೇಳಿಸುತ್ತಾರೆ. ಹತ್ತುವಿಕೆ ಹೇಳಿದ ಮೇಲೆ ಉಪದೇಶವೇಕೆ? ಮುಖ್ಯ ಕಥೆ ಮುಗಿದ ಮೇಲೆ ಉಳಿಯುವ ಹೆಚ್ಚುವರಿ ಹಂತಗಳಲ್ಲಿಯಂತೂ ಕಾಠಿಣ್ಯವೇ ಗುರಿಯಾಗಿ, ಅದು ಪಳಗಿದ ಕೈಗಳ ಕಸರತ್ತಾಗುತ್ತದೆ. ಎಳೆಯರಿಗೆ ಅದರಿಂದ ಹೆಚ್ಚಿನ ಲಾಭ ನನಗೆ ತೋರದು.

ಆಟದ ವೇಗ ತಗ್ಗಿಸುವ, ಆಯಾಸವೇ ಇಲ್ಲದಂತೆ ಮಾಡುವ, ಸಾವನ್ನೇ ತೆಗೆದುಹಾಕುವ ಸಹಾಯದ ಏರ್ಪಾಡೂ ಇದರಲ್ಲುಂಟು. ಇದು ಕಾಠಿಣ್ಯಕ್ಕೆ ಬಗೆದ ದ್ರೋಹವೆನ್ನುವ ಮಡಿವಂತರಿದ್ದಾರೆ. ನಾನು ಒಪ್ಪಲಾರೆ. ಕೈ ಸ್ವಾಧೀನವಿಲ್ಲದ ಮಗುವಿಗೂ ಶಿಖರ ಕಾಣುವ ಹಕ್ಕಿದೆ. ಈ ಸಹಾಯಕ್ಕೆ ಆಟ ಕಾಸನ್ನೂ ಕೇಳುವುದಿಲ್ಲ. ದ್ರೋಹವೆಂದರೆ ಬೇರೆಯದು. ತಡೆಯೊಡ್ಡಿ, ಅದನ್ನು ದಾಟಲು ಹಣ ಕೇಳುವ ಆಟಗಳು ಇಂದು ಹೇರಳ. ಒಳಗೇನಿದೆಯೆಂದು ತಿಳಿಸದೆ ಅದೃಷ್ಟದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವ ಪದ್ಧತಿಯನ್ನು ಬೆಲ್ಜಿಯಂ ದೇಶ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಬಣ್ಣದ ಪರದೆ. ಆದರೆ ಒಂದು ಕಷ್ಟವನ್ನು ದಾಟಲು ಕಲಿಸುತ್ತದೆ, ಇನ್ನೊಂದು ಕೊಳ್ಳಲು ಕಲಿಸುತ್ತದೆ. ಮಕ್ಕಳ ಕೈಗೆ ಆಟ ಕೊಡುವ ತಂದೆತಾಯಿಗಳು ಎಷ್ಟು ಗಂಟೆಯೆಂದು ಕೇಳುವುದರ ಜೊತೆಗೆ ಇದನ್ನೂ ಕೇಳಬೇಕು.

ಹಾಗಾದರೆ ಕಠಿಣ ಆಟವಾಡಿದ ಮಗು ಬದುಕಿನಲ್ಲಿಯೂ ಗಟ್ಟಿಯಾಗುತ್ತದೆಯೆ? ಇಲ್ಲಿ ಎಚ್ಚರಿಕೆ ಬೇಕು. ಒಂದು ಆಟದಲ್ಲಿ ಪಳಗಿದ ಚಾತುರ್ಯ ತಾನಾಗಿ ಗಣಿತಕ್ಕೊ ಭಾಷೆಗೊ ಹರಿದುಬರುವುದಿಲ್ಲ. ಮೆದುಳನ್ನು ಚುರುಕುಗೊಳಿಸುವ ಆಟಗಳೆಂದು ಸಾರಿ ಮಾರುತ್ತಿದ್ದ ‘ಲ್ಯುಮೋಸಿಟಿ’ಯ ಸಂಸ್ಥೆ, ಆಧಾರವಿಲ್ಲದ ಪ್ರಚಾರ ಮಾಡಿತೆಂಬ ಆರೋಪದ ಮೇಲೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಡನೆ ರಾಜಿಯಾಗಿ 20 ಲಕ್ಷ ಡಾಲರ್ ತೆರಬೇಕಾಯಿತು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯಲ್ಲೇ ನಿದರ್ಶನ ಸಿಕ್ಕಿತು. ಆಟದಲ್ಲಿ ನಲವತ್ತು ಸಲ ಬಿದ್ದು ನಕ್ಕ ಹುಡುಗಿಯೇ ಮರುದಿನ ಬೆಳಿಗ್ಗೆ ಭಿನ್ನರಾಶಿಯ ಒಂದು ಲೆಕ್ಕ ತಪ್ಪಿದ್ದಕ್ಕೆ ಪುಟವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ತೂತುಮಾಡಿದ್ದಳು. ನಾನು ಬಂದದ್ದು ಕಂಡು ಪುಸ್ತಕ ಮುಚ್ಚಿದಳು. ಒಂದೇ ಮಗು, ಒಂದೇ ಮನಸ್ಸು. ಅಲ್ಲಿ ಬಿದ್ದರೆ ಸುದ್ದಿ, ಇಲ್ಲಿ ಬಿದ್ದರೆ ಕಳಂಕ.

“ಅಳಿಸಬೇಡವೇ, ಎಲ್ಲಿ ಜಾರಿದೆ ಅಂತ ನೋಡೋಣ, ನಿನ್ನೆ ಆ ಬೆಟ್ಟದಲ್ಲಿ ನೋಡಿದೆಯಲ್ಲ, ಹಾಗೆ” ಎಂದೆ. ಅವಳು ನನ್ನ ಮುಖವನ್ನೊಮ್ಮೆ ದಿಟ್ಟಿಸಿ, “ಅಲ್ಲಿ ಬಿದ್ದರೆ ಯಾರೂ ಮಾರ್ಕ್ಸ್ ಕಳೆಯಲ್ಲ ಮಾಮಾ” ಎಂದಳು.

ಅವಳ ಮಾತಿನಲ್ಲಿ ತಪ್ಪಿಲ್ಲ. ಬಿದ್ದೇಳುವುದರ ರುಚಿಯನ್ನು ಒಳ್ಳೆಯ ಆಟ ಮಗುವಿಗೆ ಹತ್ತಿಸಬಲ್ಲುದು; ಆ ರುಚಿಯನ್ನು ಪರದೆಯಿಂದ ಪುಸ್ತಕಕ್ಕೆ ದಾಟಿಸುವುದು ಆಟದ ಕೈಯಲ್ಲಿಲ್ಲ. ಪಕ್ಕದಲ್ಲಿ ಕುಳಿತು ನೋಡಿದ ಹಿರಿಯರು ಅದನ್ನು ಮಾಡಬೇಕು. ಅಂದು ನಾವಿಬ್ಬರೂ ಆ ತೂತುಬಿದ್ದ ಪುಟದ ಪಕ್ಕದ ಹಾಳೆಯಲ್ಲಿ ಲೆಕ್ಕವನ್ನು ಮತ್ತೆ ಮಾಡಿದೆವು. ಮೂರನೆಯ ಸಲಕ್ಕೆ ಸರಿಯಾಯಿತು. ಮೊದಲಿನ ಎರಡು ತಪ್ಪುಗಳನ್ನು ಅವಳು ಅಳಿಸಲಿಲ್ಲ.